ತಪಾಸಣೆಯಿಂದ ಸ್ವಯಂ ಅಧ್ಯಯನಕ್ಕೆ: ಕರ್ನಾಟಕದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಗುಣಮಟ್ಟ ಖಾತರಿಯ ಬೆಳವಣಿಗೆ

ಶಾಸನದಿಂದ ಹುಟ್ಟಿ ಬೊಕ್ಕಸದ ಹಣದಿಂದ ನಡೆಯುವ ವಿಶ್ವವಿದ್ಯಾಲಯವು ತಾನು ನೀಡುವ ಪದವಿಗೆ ತಕ್ಕ ಶಿಕ್ಷಣವನ್ನು ನಿಜವಾಗಿಯೂ ಕೊಡುತ್ತಿದೆಯೇ ಎಂಬುದನ್ನು ಯಾರು, ಯಾವ ಆಧಾರದ ಮೇಲೆ ನಿರ್ಣಯಿಸಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಕಳೆದ ನೂರು ವರ್ಷಗಳಲ್ಲಿ ಬೇರೆ ಬೇರೆ ಉತ್ತರಗಳು ದೊರೆತಿವೆ. ಸಂಸ್ಥೆಯೊಂದು ತನ್ನ ಬೋಧನೆ, ಸಂಶೋಧನೆ ಮತ್ತು ಆಡಳಿತ ನಿಗದಿತ ಮಟ್ಟದಲ್ಲಿ ಉಳಿಯುವಂತೆ ನಿರಂತರವಾಗಿ ಮಾಡಿಕೊಳ್ಳುವ ವ್ಯವಸ್ಥೆಗೆ ಗುಣಮಟ್ಟ ಖಾತರಿ ಎಂದೂ, ಹೊರಗಿನ ಸ್ವತಂತ್ರ ಮಂಡಳಿಯೊಂದು ಆ ಮಟ್ಟವನ್ನು ಪರಿಶೀಲಿಸಿ ನಿರ್ದಿಷ್ಟ ಅವಧಿಗೆ ದೃಢೀಕರಿಸುವುದಕ್ಕೆ ಮಾನ್ಯತೆ ಎಂದೂ ಹೆಸರು. ಇವೆರಡರಲ್ಲಿ ಎರಡನೆಯದು ಸಾರ್ವಜನಿಕರ ಕಣ್ಣಿಗೆ ಬೀಳುತ್ತದೆಯಾದರೂ ವಿಶ್ವವಿದ್ಯಾಲಯವನ್ನು ಬದಲಾಯಿಸುವ ಶಕ್ತಿ ಇರುವುದು ಮೊದಲನೆಯದಕ್ಕೆ ಎಂಬುದನ್ನು ಈ ಕ್ಷೇತ್ರದ ಇತಿಹಾಸವೇ ತೋರಿಸಿಕೊಡುತ್ತದೆ.

ಪರೀಕ್ಷೆ ಮತ್ತು ತಪಾಸಣೆಯ ಕಾಲ

1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಮುಖ್ಯವಾಗಿ ಪರೀಕ್ಷೆ ನಡೆಸುವ ಸಂಸ್ಥೆಗಳಾಗಿದ್ದವು. ಪಾಠ ಹೇಳುವ ಕೆಲಸ ಅವುಗಳಿಗೆ ಸಂಯೋಜಿತವಾದ ಕಾಲೇಜುಗಳದ್ದಾಗಿತ್ತು. ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸಿನ ಅಧೀನದಿಂದ ಹೊರಬಂದದ್ದು 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾದಾಗ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, 1980ರಲ್ಲಿ ಮಂಗಳೂರು ಮತ್ತು ಗುಲಬರ್ಗಾ ವಿಶ್ವವಿದ್ಯಾಲಯಗಳು ಬಂದಾಗಲೂ ಸಂಯೋಜನೆಯ ಚೌಕಟ್ಟು ಹಾಗೆಯೇ ಮುಂದುವರಿಯಿತು.

ಈ ಚೌಕಟ್ಟಿನೊಳಗೆ ಗುಣಮಟ್ಟ ಕಾಯುವ ಸಾಧನಗಳು ಇರಲಿಲ್ಲವೆಂದಲ್ಲ. ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿ, ಅದಕ್ಕೆ ಒಪ್ಪಿಗೆ ನೀಡುವ ವಿದ್ಯಾವಿಷಯಕ ಪರಿಷತ್ತು, ಉತ್ತರಪತ್ರಿಕೆಗಳನ್ನು ತೂಗಿನೋಡುವ ಹೊರಗಿನ ಪರೀಕ್ಷಕರು, ಸಂಯೋಜನೆ ಕೋರಿದ ಕಾಲೇಜಿಗೆ ಹೋಗಿ ಕಟ್ಟಡ, ಗ್ರಂಥಾಲಯ, ಪ್ರಯೋಗಾಲಯ, ಅಧ್ಯಾಪಕರ ಅರ್ಹತೆಗಳನ್ನು ಪರಿಶೀಲಿಸುವ ಸ್ಥಳೀಯ ವಿಚಾರಣಾ ಸಮಿತಿ, ಇವೆಲ್ಲ ಇಂದಿಗೂ ಬಳಕೆಯಲ್ಲಿವೆ. ಆದರೆ ಇವು ಕಾಲೇಜನ್ನು ಪ್ರಶ್ನಿಸುತ್ತಿದ್ದವೇ ಹೊರತು ಸ್ವತಃ ವಿಶ್ವವಿದ್ಯಾಲಯವನ್ನು ಪ್ರಶ್ನಿಸುತ್ತಿರಲಿಲ್ಲ; ಒಮ್ಮೆ ಕಾಯಿದೆಯ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯದ ಮಟ್ಟವನ್ನು ಮತ್ತೆ ಅಳೆಯುವ ಅಗತ್ಯವಿದೆಯೆಂಬ ಭಾವನೆಯೇ ಆಗ ಬೇರೂರಿರಲಿಲ್ಲ.

ರಾಷ್ಟ್ರಮಟ್ಟದ ಚಿಂತನೆ ಮತ್ತು ನ್ಯಾಕ್ ಸ್ಥಾಪನೆ

ಸ್ವಾತಂತ್ರ್ಯಾನಂತರ ಈ ಭಾವನೆ ನಿಧಾನವಾಗಿ ಬದಲಾಯಿತು. ಹಿಂದೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ಆಯೋಗವು 1949ರಲ್ಲಿ ನೀಡಿದ ವರದಿ ವಿಶ್ವವಿದ್ಯಾಲಯ ಶಿಕ್ಷಣದ ಮಟ್ಟವನ್ನು ರಾಷ್ಟ್ರೀಯ ಕಾಳಜಿಯಾಗಿ ಮುಂದಿಟ್ಟಿತು. ಉನ್ನತ ಶಿಕ್ಷಣದ ಮಟ್ಟಗಳ ಸಮನ್ವಯ ಮತ್ತು ನಿರ್ಧಾರವನ್ನು ಸಂವಿಧಾನವು ಕೇಂದ್ರ ಪಟ್ಟಿಯ 66ನೇ ನಮೂದಿನಲ್ಲಿ ಇರಿಸಿದ್ದರಿಂದ, ಆ ಹೊಣೆ 1956ರ ಕಾಯಿದೆಯ ಮೂಲಕ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ, ಅಂದರೆ ಯುಜಿಸಿಗೆ ಬಂತು. ವಿಶ್ವವಿದ್ಯಾಲಯವನ್ನು ಕಟ್ಟಿ ನಡೆಸುವುದು ರಾಜ್ಯ, ಅದರ ಮಟ್ಟವನ್ನು ನಿರ್ಧರಿಸುವುದು ಕೇಂದ್ರ ಎಂಬ ಈ ವಿಭಜನೆಯ ಪರಿಣಾಮ ಇಂದಿನವರೆಗೂ ಉಳಿದಿದೆ.

ಅಮೆರಿಕದಲ್ಲಿ 1885ರಿಂದಲೇ ಶಿಕ್ಷಣ ಸಂಸ್ಥೆಗಳು ಪ್ರಾದೇಶಿಕ ಸಂಘಗಳನ್ನು ಕಟ್ಟಿಕೊಳ್ಳತೊಡಗಿದ್ದವು. ಪರಸ್ಪರರ ಮಟ್ಟವನ್ನು ಪರಿಶೀಲಿಸಿ ಮಾನ್ಯ ಮಾಡುವ ಪದ್ಧತಿ ಇಂಥ ಸಂಘಗಳಿಂದ ಬೆಳೆಯಿತು. ಭಾರತದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 1992ರ ಕಾರ್ಯಯೋಜನೆಗಳ ಫಲವಾಗಿ 1994ರಲ್ಲಿ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ಸ್ಥಾಪನೆಯಾಯಿತು. ನ್ಯಾಕ್ ಎಂಬ ಹೆಸರಿನಲ್ಲೇ ಪರಿಚಿತವಾದ ಈ ಸ್ವಾಯತ್ತ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಭೌತಶಾಸ್ತ್ರಜ್ಞ ಅರುಣ್ ನಿಗವೇಕರ್ ಅದರ ಮೊದಲ ನಿರ್ದೇಶಕರು. ತಾಂತ್ರಿಕ ಕೋರ್ಸುಗಳಿಗೆ ಅದೇ ವರ್ಷ ಪ್ರತ್ಯೇಕ ಮಂಡಳಿಯೊಂದು ರೂಪುಗೊಂಡಿತು.

ನ್ಯಾಕ್ ತಂದ ಮುಖ್ಯ ಬದಲಾವಣೆಯೆಂದರೆ ಸ್ವಯಂ ಅಧ್ಯಯನ ವರದಿ. ಹೊರಗಿನವರು ಬಂದು ತಪ್ಪು ಹುಡುಕುವ ಮೊದಲು ಸಂಸ್ಥೆಯೇ ತನ್ನ ಬಲ ಮತ್ತು ಕೊರತೆಗಳನ್ನು ಬರೆದಿಡಬೇಕು, ಬಹುಮಟ್ಟಿಗೆ ಹೊರರಾಜ್ಯಗಳ ಅನುಭವಿ ಅಧ್ಯಾಪಕರಿರುವ ತಜ್ಞರ ತಂಡ ಸ್ಥಳಕ್ಕೆ ಬಂದು ಅದನ್ನು ತಾಳೆ ನೋಡಬೇಕು ಎಂಬುದು ಅದರ ತಿರುಳು. ಆರಂಭದಲ್ಲಿ ಮಾನ್ಯತೆ ಐಚ್ಛಿಕವಾಗಿದ್ದು, ಫಲಿತಾಂಶವನ್ನು ತಾರೆಗಳ ಲೆಕ್ಕದಲ್ಲಿ ನೀಡಲಾಗುತ್ತಿತ್ತು. ಮೈಸೂರು ವಿಶ್ವವಿದ್ಯಾಲಯ ಪಂಚತಾರಾ ಮನ್ನಣೆ ಪಡೆದದ್ದು ಆ ಕಾಲದಲ್ಲಿ. 2002ರಲ್ಲಿ ಒಂಬತ್ತು ಹಂತಗಳ ಶ್ರೇಣಿಯೂ 2007ರಲ್ಲಿ ನಾಲ್ಕು ಅಂಕಗಳ ಮಾಪಕವೂ ಜಾರಿಗೆ ಬಂದವು. ಮಾನ್ಯತೆ ಪಡೆದ ಮೇಲೂ ಕೆಲಸ ನಿಲ್ಲದಿರಲೆಂದು ಪ್ರತಿಯೊಂದು ಸಂಸ್ಥೆಯಲ್ಲಿ ಆಂತರಿಕ ಗುಣಮಟ್ಟ ಖಾತರಿ ಕೋಶವನ್ನು ರಚಿಸಿ, ವರ್ಷಕ್ಕೊಮ್ಮೆ ವರದಿ ಸಲ್ಲಿಸುವ ಪದ್ಧತಿಯನ್ನೂ ರೂಢಿಸಲಾಯಿತು.

ಕಡ್ಡಾಯ ಮಾನ್ಯತೆ ಮತ್ತು ಅಂಕಿಅಂಶಗಳ ಯುಗ

2013ರ ಆರಂಭದಲ್ಲಿ ಪ್ರಕಟವಾದ ಯುಜಿಸಿ ನಿಯಮಾವಳಿ ಮಾನ್ಯತೆಯನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಆರಂಭವಾದ ರಾಷ್ಟ್ರೀಯ ಉಚ್ಚತರ ಶಿಕ್ಷಾ ಅಭಿಯಾನವು ರಾಜ್ಯ ವಿಶ್ವವಿದ್ಯಾಲಯಗಳ ಅನುದಾನಕ್ಕೂ ಮಾನ್ಯತೆಗೂ ನಂಟು ಬೆಸೆಯಿತು. 2018ರಲ್ಲಿ ಸ್ವಾಯತ್ತತೆಯ ಪ್ರಮಾಣವನ್ನೂ ನ್ಯಾಕ್ ಅಂಕಗಳೊಂದಿಗೆ ಜೋಡಿಸಲಾಯಿತು. ಹೀಗೆ ಆತ್ಮಪರೀಕ್ಷೆಯ ಸಾಧನವಾಗಿ ಆರಂಭವಾದದ್ದು ಹಣ, ಅಧಿಕಾರ, ಪ್ರತಿಷ್ಠೆಗಳನ್ನು ನಿರ್ಧರಿಸುವ ಮಾಪನವಾಯಿತು.

ತಜ್ಞರ ತಂಡದ ವೈಯಕ್ತಿಕ ಅಭಿಪ್ರಾಯಕ್ಕೆ ಹೆಚ್ಚು ಅವಕಾಶವಿದೆಯೆಂಬ ಟೀಕೆಗೆ ಉತ್ತರವಾಗಿ 2017ರಲ್ಲಿ ಹೊಸ ಚೌಕಟ್ಟು ಬಂತು. ಅದರಂತೆ ಮೌಲ್ಯಾಂಕನದ ಬಹುಭಾಗ ಸಂಸ್ಥೆ ಆನ್‌ಲೈನ್‌ನಲ್ಲಿ ಸಲ್ಲಿಸುವ ಅಂಕಿಅಂಶಗಳನ್ನೇ ಆಧರಿಸುತ್ತದೆ. ಅವುಗಳನ್ನು ದಾಖಲೆಗಳೊಂದಿಗೆ ಹೋಲಿಸಿ ಪರಿಶೀಲಿಸಲಾಗುತ್ತದೆ, ವಿದ್ಯಾರ್ಥಿಗಳ ಅಭಿಪ್ರಾಯ ಸಮೀಕ್ಷೆಯೂ ನಡೆಯುತ್ತದೆ. ಪಠ್ಯಕ್ರಮ, ಬೋಧನೆ, ಸಂಶೋಧನೆ, ಮೂಲಸೌಕರ್ಯ, ವಿದ್ಯಾರ್ಥಿ ಬೆಂಬಲ, ಆಡಳಿತ, ಸಾಂಸ್ಥಿಕ ಮೌಲ್ಯಗಳು ಎಂಬ ಏಳು ಮಾನದಂಡಗಳಿಗೆ ಒಟ್ಟು 1000 ಅಂಕಗಳು. ವಿಶ್ವವಿದ್ಯಾಲಯಕ್ಕೆ ಸಂಶೋಧನೆಯಲ್ಲಿ 250, ಬೋಧನೆಯಲ್ಲಿ 200 ಅಂಕಗಳಿದ್ದರೆ, ಸಂಯೋಜಿತ ಕಾಲೇಜಿಗೆ ಬೋಧನೆಯೊಂದಕ್ಕೇ 350 ಅಂಕಗಳು. ಇವುಗಳಿಂದ ನಾಲ್ಕರ ಮಾಪಕದಲ್ಲಿ ಲೆಕ್ಕಹಾಕಿದ ಸರಾಸರಿ 3.51ಕ್ಕಿಂತ ಕಡಿಮೆಯಿಲ್ಲದ ಸಂಸ್ಥೆಗೆ ಎ++ ಶ್ರೇಣಿ ಸಿಗುತ್ತದೆ, 1.50 ದಾಟದ ಸಂಸ್ಥೆಗೆ ಮಾನ್ಯತೆ ಸಿಗುವುದಿಲ್ಲ.

ಈ ಮಾನದಂಡಗಳ ಅಡಿಯಲ್ಲಿ ಬರುವ ಸೂಚಕಗಳಲ್ಲಿ ಎರಡನ್ನು ಹತ್ತಿರದಿಂದ ನೋಡಿದರೆ ಪದ್ಧತಿಯ ಬಲವೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ಕೊನೆಯ ಪರೀಕ್ಷೆ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗುವವರೆಗೆ ಸರಾಸರಿ ಎಷ್ಟು ದಿನ ಹಿಡಿಯಿತು ಎಂಬುದು ಒಂದು ಸೂಚಕ. ಫಲಿತಾಂಶ ತಡವಾಗಿ ಸ್ನಾತಕೋತ್ತರ ಪ್ರವೇಶವನ್ನೋ ಉದ್ಯೋಗವನ್ನೋ ಕಳೆದುಕೊಳ್ಳುವ ವಿದ್ಯಾರ್ಥಿಯ ಸಂಕಟ ಇದರಿಂದ ಲೆಕ್ಕಕ್ಕೆ ಸಿಕ್ಕಿತು. ಪರೀಕ್ಷಾಂಗ ವಿಭಾಗವನ್ನು ಚುರುಕುಗೊಳಿಸಿ ಇದನ್ನು ಸರಿಪಡಿಸುವುದು ವಿಶ್ವವಿದ್ಯಾಲಯದ ಕೈಯಲ್ಲೇ ಇದೆ. ಮಂಜೂರಾದ ಹುದ್ದೆಗಳಿಗೆ ಪ್ರತಿಯಾಗಿ ಪೂರ್ಣಾವಧಿ ಅಧ್ಯಾಪಕರು ಶೇಕಡ ಎಷ್ಟಿದ್ದಾರೆ ಎಂಬುದು ಇನ್ನೊಂದು ಸೂಚಕ. ರಾಜ್ಯ ವಿಶ್ವವಿದ್ಯಾಲಯವು ಖಾಲಿ ಹುದ್ದೆ ತುಂಬಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ಅನುಮತಿ ವರ್ಷಗಟ್ಟಲೆ ಬಾರದಿದ್ದಾಗ ವಿಭಾಗಗಳು ಅತಿಥಿ ಉಪನ್ಯಾಸಕರ ಮೇಲೆಯೇ ನಿಂತಿರುತ್ತವೆ. ಇಲ್ಲಿ ಅಂಕ ಕಳೆದುಕೊಳ್ಳುವುದು ವಿಶ್ವವಿದ್ಯಾಲಯ, ಕಾರಣವಿರುವುದು ಅದರ ಆವರಣದ ಹೊರಗೆ.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ವಿಶ್ವವಿದ್ಯಾಲಯದ ಶ್ರೇಣಿ ಮುಖ್ಯವಾಗಿ ಅದರ ಸ್ವಂತ ಸ್ನಾತಕೋತ್ತರ ವಿಭಾಗಗಳನ್ನು ಕುರಿತದ್ದು. ಅದೇ ವಿಶ್ವವಿದ್ಯಾಲಯದ ಪದವಿ ಪಡೆಯುವ ಬಹುಪಾಲು ವಿದ್ಯಾರ್ಥಿಗಳು ತಾಲ್ಲೂಕು, ಹೋಬಳಿಗಳ ಸಂಯೋಜಿತ ಕಾಲೇಜುಗಳಲ್ಲಿ ಓದುತ್ತಾರೆ, ಆ ಕಾಲೇಜುಗಳ ಮಾನ್ಯತೆ ಬೇರೆಯೇ ಲೆಕ್ಕ. ಆದ್ದರಿಂದ ಎ++ ಎಂಬ ಫಲಕವು ಪದವಿ ಪ್ರಮಾಣಪತ್ರ ಹಿಡಿದ ಪ್ರತಿಯೊಬ್ಬ ವಿದ್ಯಾರ್ಥಿಗೆ ದೊರೆತ ಕಲಿಕೆಯ ಸಾಕ್ಷಿಯಾಗಲಾರದು.

ವಿಶ್ವಾಸದ ಬಿಕ್ಕಟ್ಟು ಮತ್ತು ಮುಂದಿನ ದಾರಿ

ಶ್ರೇಣಿಯ ಬೆಲೆ ಏರಿದಂತೆ ಅದನ್ನು ಅಡ್ಡದಾರಿಯಲ್ಲಿ ಪಡೆಯುವ ಒತ್ತಡವೂ ಏರಿತು. 2025ರ ಫೆಬ್ರವರಿಯಲ್ಲಿ ನೆರೆರಾಜ್ಯದ ಖಾಸಗಿ ಸಂಸ್ಥೆಯೊಂದರ ಪರಿಶೀಲನೆಗೆ ಸಂಬಂಧಿಸಿದ ಲಂಚದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡದ ಸದಸ್ಯರನ್ನು ಸಿಬಿಐ ಬಂಧಿಸಿದ್ದು ಇಡೀ ವ್ಯವಸ್ಥೆಯ ವಿಶ್ವಾಸಾರ್ಹತೆಯನ್ನೇ ಪ್ರಶ್ನೆಗೊಳಪಡಿಸಿತು. ಇದಕ್ಕೂ ಮೊದಲೇ, ಇಸ್ರೋದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ಅವರ ನೇತೃತ್ವದಲ್ಲಿ 2022ರ ನವೆಂಬರಿನಲ್ಲಿ ರಚನೆಯಾದ ಸಮಿತಿಯ ಶಿಫಾರಸಿನಂತೆ, ಶ್ರೇಣಿಗಳ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುವ ಪದ್ಧತಿಯನ್ನೂ, ಬಳಿಕ ಒಂದರಿಂದ ಐದರವರೆಗಿನ ಪಕ್ವತೆಯ ಹಂತಗಳನ್ನೂ 2024ರ ಜನವರಿಯಲ್ಲಿ ಪ್ರಕಟಿಸಲಾಗಿತ್ತು. ಕನಿಷ್ಠ ಮಟ್ಟವನ್ನು ಎಲ್ಲರಿಗೂ ಖಾತರಿಪಡಿಸುವುದೇ ಮೊದಲ ಕೆಲಸವೆಂಬ ಈ ನಿಲುವು, ಬೀದರ್, ಕೊಪ್ಪಳ, ಹಾವೇರಿ, ಚಾಮರಾಜನಗರಗಳಲ್ಲಿ ಸೀಮಿತ ಸಂಪನ್ಮೂಲದಿಂದ ಆರಂಭವಾದ ಹೊಸ ವಿಶ್ವವಿದ್ಯಾಲಯಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ.

ಪರೀಕ್ಷಕರ ಕಣ್ಣು, ತಪಾಸಕರ ಭೇಟಿ, ತಜ್ಞರ ತಂಡ, ಅಂಕಿಅಂಶಗಳ ಕೋಷ್ಟಕ, ಹೀಗೆ ಅಳೆಯುವ ವಿಧಾನ ಬದಲಾಗುತ್ತ ಬಂದರೂ ಸುಧಾರಣೆ ನೆಲೆನಿಂತದ್ದು ಅಧ್ಯಾಪಕರು ಸ್ವಯಂ ಅಧ್ಯಯನ ವರದಿಯನ್ನು ತಮ್ಮದೇ ಕೆಲಸದ ವಿಮರ್ಶೆಯೆಂದು ಬಗೆದ ವಿಭಾಗಗಳಲ್ಲಿ ಮಾತ್ರ. ತಂಡ ಬರುವ ವಾರ ಗೋಡೆಗೆ ಬಣ್ಣ ಬಳಿದು ಕಡತ ಜೋಡಿಸಿದಲ್ಲಿ ಅಲ್ಲ. ಆಂತರಿಕ ಕೋಶಕ್ಕೆ ಪೂರ್ಣಾವಧಿ ಸಿಬ್ಬಂದಿ, ಸಂಯೋಜಿತ ಕಾಲೇಜುಗಳ ಕಲಿಕೆಯನ್ನೂ ಒಳಗೊಳ್ಳುವ ಮೌಲ್ಯಾಂಕನ, ಖಾಲಿ ಹುದ್ದೆಗಳ ಬಗ್ಗೆ ಸರ್ಕಾರವೂ ಉತ್ತರ ಹೇಳಬೇಕಾದ ವಾರ್ಷಿಕ ವರದಿ, ಈ ಮೂರೂ ಕೂಡಿಬಂದರೆ ಮಾತ್ರ ಸಾರ್ವಜನಿಕ ವಿಶ್ವವಿದ್ಯಾಲಯದ ಮಾನ್ಯತೆ ಅದನ್ನು ಪೋಷಿಸುವ ಸಾರ್ವಜನಿಕರಿಗೆ ಸಲ್ಲುವ ಲೆಕ್ಕವಾಗುತ್ತದೆ.