ವಾಡಿ ಚರ್ಚ್ ಸ್ಫೋಟ
ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಸಿಮೆಂಟ್ ಪಟ್ಟಣ ವಾಡಿಯ ಕ್ಯಾಥೊಲಿಕ್ ಚರ್ಚಿನಲ್ಲಿ 2000ರ ಜೂನ್ 8ರಂದು ಬಾಂಬ್ ಸಿಡಿಯಿತು. ಜುಲೈ 8ರಂದು ಹುಬ್ಬಳ್ಳಿಯ, ಮರುದಿನ ಬೆಂಗಳೂರಿನ ಚರ್ಚುಗಳೂ ಗುರಿಯಾದವು. ಮೊದಲ ಶಂಕೆ ಹಿಂದೂ ಸಂಘಟನೆಗಳತ್ತ ಹರಿದಿತ್ತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ವ್ಯಾನೊಂದರಲ್ಲಿದ್ದ ಬಾಂಬ್ ಸಿಡಿದು ಅದರಲ್ಲಿದ್ದ ಇಬ್ಬರು ಸತ್ತಾಗ ದೀಂದಾರ್ ಅಂಜುಮನ್ ಎಂಬ ಪಂಥದ ಸದಸ್ಯರ ಸಂಚು ಬಯಲಾಯಿತು. ಹಿಂದೂ, ಕ್ರೈಸ್ತರ ನಡುವೆ ದ್ವೇಷ ಬಿತ್ತುವುದೇ ಉದ್ದೇಶವಾಗಿತ್ತೆಂದು ತನಿಖೆ ಹೇಳಿತು. ನೋವಿನ ಸಂಗತಿಯೆಂದರೆ, ಸರ್ವಧರ್ಮ ಸಮನ್ವಯದ ಮಾತಾಡುತ್ತಿದ್ದ ಪಂಥವಿದು. 1924ರಲ್ಲಿ ಇದನ್ನು ಕಟ್ಟಿದ ಸಿದ್ದೀಕ್ ತಾನು ಚನ್ನಬಸವೇಶ್ವರನ ಅವತಾರವೆಂದೇ ಸಾರಿದ್ದ. ತಪ್ಪು ಸಾಬೀತಾದದ್ದು ಕೆಲವರ ಮೇಲೆ. ಇಡೀ ಸಮುದಾಯಕ್ಕೆ ಅದನ್ನು ಅಂಟಿಸುವುದು ಅನ್ಯಾಯ. ಸಂಘಟನೆಯನ್ನು ಕೇಂದ್ರ ಸರ್ಕಾರ 2001ರಲ್ಲಿ ನಿಷೇಧಿಸಿತು. ವಿಶೇಷ ನ್ಯಾಯಾಲಯ 2008ರಲ್ಲಿ 11 ಮಂದಿಗೆ ವಿಧಿಸಿದ ಮರಣದಂಡನೆಯನ್ನು ಹೈಕೋರ್ಟ್ 2014ರಲ್ಲಿ ಜೀವಾವಧಿಗೆ ಇಳಿಸಿತು.