ಅರ್ನೆಸ್ಟ್ ಬ್ಲಾಕ್: ಕ್ವಾಲಾಲಂಪುರದಲ್ಲಿ ನುಡಿಸಲಾಗದ ಒಂದು ಕೃತಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಯಹೂದಿ ಮೂಲದ ಸಂಯೋಜಕರ ಕೊಡುಗೆ ದೊಡ್ಡದು. ಅವರಲ್ಲಿ ಅರ್ನೆಸ್ಟ್ ಬ್ಲಾಕ್ ಅವರ ಹೆಸರು ನಾವಿರುವ ಮಲೇಷ್ಯಾದ ಒಂದು ಕಹಿ ಘಟನೆಯೊಂದಿಗೆ ಸೇರಿಕೊಂಡಿದೆ. ನಮ್ಮ ಓದುಗರಿಗಾಗಿ ಅವರ ಕಿರು ಪರಿಚಯ ಇಲ್ಲಿದೆ.

ಬ್ಲಾಕ್ ಜನಿಸಿದ್ದು 1880ರ ಜುಲೈ 24ರಂದು, ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ. ಬ್ರಸೆಲ್ಸ್‌ನಲ್ಲಿ ಯೂಜೀನ್ ಇಸಾಯಿ ಅವರಲ್ಲಿ ಪಿಟೀಲು ಕಲಿತರು. 1916ರಲ್ಲಿ ಅಮೆರಿಕಕ್ಕೆ ಹೋದ ಅವರು 1924ರಲ್ಲಿ ಅಲ್ಲಿನ ಪೌರತ್ವ ಪಡೆದರು. ಕ್ಲೀವ್‌ಲ್ಯಾಂಡ್ ಸಂಗೀತ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದರು. ಮುಂದೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. 1959ರ ಜುಲೈ 15ರಂದು ಆರಿಗನ್ ರಾಜ್ಯದಲ್ಲಿ ನಿಧನರಾದರು.

ಅವರ ಅತಿ ಪ್ರಸಿದ್ಧ ಕೃತಿ 'ಶೆಲೋಮೋ'. ಶೆಲೋಮೋ ಎಂದರೆ ರಾಜ ಸೊಲೊಮನ್. ಬೈಬಲ್ಲಿನ 'ಪ್ರಸಂಗಿ' ಗ್ರಂಥದ ಮಾತುಗಳನ್ನು ಹಾಡಿಸಬೇಕೆಂಬುದು ಬ್ಲಾಕ್ ಅವರ ಮೂಲ ಯೋಚನೆ. ಆದರೆ ಫ್ರೆಂಚ್, ಜರ್ಮನ್, ಇಂಗ್ಲಿಷ್ ಯಾವುದೂ ಅದಕ್ಕೆ ಒಗ್ಗಲಿಲ್ಲ. ಹಿರಿಯರ ಹೀಬ್ರೂ ಭಾಷೆ ಅವರಿಗೆ ಸಾಕಷ್ಟು ಬರುತ್ತಿರಲಿಲ್ಲ. ಆಗ ಚೆಲ್ಲೋ ವಾದಕ ಅಲೆಕ್ಸಾಂಡರ್ ಬರ್ಜಾನ್ಸ್ಕಿ ಅವರ ಪರಿಚಯವಾಗಿ, ರಾಜನ ದನಿಯನ್ನು ಚೆಲ್ಲೋ ವಾದ್ಯಕ್ಕೇ ಒಪ್ಪಿಸಿದರು. 1916ರಲ್ಲಿ ಮುಗಿದ ಈ ಕೃತಿಯನ್ನು 1917ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ಬಾರಿಗೆ ನುಡಿಸಲಾಯಿತು.

1984ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ವಾದ್ಯವೃಂದ ಏಷ್ಯಾ ಪ್ರವಾಸ ಕೈಗೊಂಡಿತು. ಅದರ ಸಂಗೀತ ನಿರ್ದೇಶಕರು ನಮ್ಮ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ. ಕ್ವಾಲಾಲಂಪುರದ ಕಾರ್ಯಕ್ರಮದಲ್ಲಿ 'ಶೆಲೋಮೋ' ಇತ್ತು. ಕೃತಿಯ ಯಹೂದಿ ಮೂಲದ ಕಾರಣಕ್ಕೆ ಅದನ್ನು ಕೈಬಿಡುವಂತೆ ಮಲೇಷ್ಯಾ ಸರ್ಕಾರ ಕೇಳಿತು. ಕೊನೆಗೆ ವಾದ್ಯವೃಂದ ಇಲ್ಲಿನ ಭೇಟಿಯನ್ನೇ ರದ್ದು ಮಾಡಿತು. ಒಂದು ಕೃತಿಯ ಜೊತೆಗೆ ಉಳಿದ ಸಂಗೀತವೂ ಇಲ್ಲಿನ ರಸಿಕರಿಗೆ ತಪ್ಪಿಹೋಯಿತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಯಹೂದಿಗಳ ಶೆಲೋಮೋ, ಕ್ರೈಸ್ತರ ಸೊಲೊಮನ್, ಮುಸ್ಲಿಮರು ಪ್ರವಾದಿಯೆಂದು ಗೌರವಿಸುವ ನಬಿ ಸುಲೈಮಾನ್ ಮೂವರೂ ಒಬ್ಬರೇ. ಇಲ್ಲಿನ ನಮ್ಮ ಮಕ್ಕಳ ತರಗತಿಗಳಲ್ಲಿ ಸುಲೈಮಾನ್ ಎಂಬ ಹೆಸರಿನ ಗೆಳೆಯರು ಇರಬಹುದು.

1998ರಲ್ಲಿ ಪೆಟ್ರೋನಾಸ್ ಅವಳಿ ಗೋಪುರಗಳ ಬುಡದಲ್ಲಿ ಸಂಗೀತ ಭವನ ತೆರೆಯಿತು; ಮಲೇಷ್ಯಾಕ್ಕೆ ತನ್ನದೇ ಫಿಲ್ಹಾರ್ಮೋನಿಕ್ ವಾದ್ಯವೃಂದವೂ ಬಂತು. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಕುಟುಂಬಗಳು ಈ ಹಳೆಯ ಕಥೆಯನ್ನೂ ಅವರಿಗೆ ಹೇಳಬಹುದು. 'ಶೆಲೋಮೋ' ಸುಮಾರು 20 ನಿಮಿಷಗಳ ಕೃತಿ. ಬಿಡುವಿದ್ದಾಗ ಮನೆಮಂದಿಯೆಲ್ಲ ಕುಳಿತು ಧ್ವನಿಮುದ್ರಿಕೆಯನ್ನು ಒಮ್ಮೆ ಕೇಳಿ. ತಾತ ಮುತ್ತಾತಂದಿರ ಭಾಷೆ ನಾಲಿಗೆಗೆ ಪೂರ್ತಿ ಬಾರದವನೂ ಅವರ ನೆನಪನ್ನು ಹೇಗೆ ಉಳಿಸಿಕೊಂಡ ಎಂಬುದು, ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಬೇಗ ಅರ್ಥವಾದೀತು.