ಆಟದ ಚಿಕಿತ್ಸೆಯಲ್ಲಿ ಪಾಲಕರ ತರಬೇತಿ: ಮಾರ್ಕೋನಹಳ್ಳಿಯನ್ನು ಮುಂದಿಟ್ಟುಕೊಂಡು ಒಂದು ಸಂಶೋಧನಾ ಟಿಪ್ಪಣಿ

1. ವ್ಯಾಪ್ತಿ

ಮೂರರಿಂದ ಆರು ವರ್ಷದ ಮಕ್ಕಳ ಭಾವನಾತ್ಮಕ ತೊಂದರೆಗಳಿಗೆ ಆಟದ ಚಿಕಿತ್ಸೆಯನ್ನು ಪಾಲಕರ ಮೂಲಕವೇ ಒದಗಿಸುವ ಕ್ರಮವೊಂದಿದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಂಥ ಊರಿನಲ್ಲಿ ಅದನ್ನು ಕಲಿಯಲು ಮತ್ತು ಕಲಿಸಲು ಏನೇನು ಬೇಕಾದೀತು ಎಂಬುದಷ್ಟೇ ಈ ಟಿಪ್ಪಣಿಯ ವಿಷಯ. ಶಿಂಷಾ ನದಿಯ ಜಲಾಶಯದಿಂದ ಹೆಸರಾದ ಈ ಊರನ್ನು ಇಲ್ಲಿ ಉದಾಹರಣೆಯಾಗಿ ಮಾತ್ರ ಇಟ್ಟುಕೊಳ್ಳಲಾಗಿದೆ. ‘ಪಾಲಕರು’ ಎಂದರೆ ತಂದೆತಾಯಿ ಮಾತ್ರವಲ್ಲ. ದುಡಿಮೆಗೆಂದು ಬೆಂಗಳೂರು ಸೇರಿದವರ ಮಕ್ಕಳನ್ನು ಊರಿನಲ್ಲಿ ನೋಡಿಕೊಳ್ಳುವ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರೂ ಈ ಮಾತಿನಲ್ಲಿ ಸೇರುತ್ತಾರೆ. ಮೂರು ವರ್ಷದೊಳಗಿನ ಮಕ್ಕಳನ್ನೂ, ಆಟಿಸಂನಂಥ ಬೆಳವಣಿಗೆಯ ತೊಂದರೆಗಳನ್ನೂ ಹೊರಗಿಡಲಾಗಿದೆ. ಅವುಗಳ ವಿಧಾನ ಬೇರೆ, ಪುರಾವೆಯೂ ಬೇರೆ.

2. ಕಾಲಾನುಕ್ರಮದ ತೊಡಕುಗಳು

2.1. ಪಾಲಕರ ಮೂಲಕ ಮಗುವಿಗೆ ಚಿಕಿತ್ಸೆ ನಡೆದ ಮೊದಲ ನಿದರ್ಶನವಾಗಿ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ ‘ಲಿಟಲ್ ಹ್ಯಾನ್ಸ್’ ಪ್ರಕರಣವನ್ನು ಉಲ್ಲೇಖಿಸುವ ರೂಢಿಯಿದೆ. ಉಲ್ಲೇಖ ಅರ್ಧ ಸರಿ. ಚಿಕಿತ್ಸೆ ನಡೆಸಿದವರು ಹುಡುಗನ ತಂದೆ. ಆ ಅವಧಿಯಲ್ಲಿ ಫ್ರಾಯ್ಡ್ ಹುಡುಗನನ್ನು ಕಂಡದ್ದು ಒಂದೇ ಸಲ. ಆದರೆ ಅಲ್ಲಿ ಆಧಾರವಾದದ್ದು ಮುಖ್ಯವಾಗಿ ಮಾತುಕತೆ ಮತ್ತು ಅದರ ವ್ಯಾಖ್ಯಾನ. ಆಟವೇ ಚಿಕಿತ್ಸೆಯ ಮಾಧ್ಯಮವಾಗಿರಲಿಲ್ಲ. ಆದ್ದರಿಂದ ಇದನ್ನು ‘ಆಟದ ಚಿಕಿತ್ಸೆಯ ಆರಂಭ’ ಎನ್ನುವುದಕ್ಕಿಂತ ‘ಪಾಲಕರ ಪಾತ್ರದ ಆರಂಭ’ ಎನ್ನುವುದು ಹೆಚ್ಚು ನಿಖರ.

2.2. ಮಗು ಮುಂದೆ, ಚಿಕಿತ್ಸಕರು ಹಿಂದೆ ಎಂಬ ಮಗು-ಕೇಂದ್ರಿತ ಕ್ರಮಕ್ಕೆ ಸ್ಪಷ್ಟ ರೂಪ ಸಿಕ್ಕಿದ್ದು ವರ್ಜೀನಿಯಾ ಆಕ್ಸ್‌ಲೈನ್ ಅವರ 1947ರ ಪುಸ್ತಕದ ಎಂಟು ತತ್ವಗಳಲ್ಲಿ. 1957ರಲ್ಲಿ ನಟಾಲಿ ಫುಕ್ಸ್, ತಮ್ಮ ತಂದೆ ಕಾರ್ಲ್ ರೋಜರ್ಸ್ ಅವರ ಪ್ರೋತ್ಸಾಹದಿಂದ, ಮಗಳ ಜತೆ ಮನೆಯಲ್ಲೇ ನಡೆಸಿದ ಆಟದ ಅವಧಿಗಳನ್ನು ಕುರಿತು ಬರೆದರು. ಅದು ಒಬ್ಬ ತಾಯಿಯ ವರದಿ. ಅದನ್ನು ಪದ್ಧತಿ ಎನ್ನಲಾಗದು.

2.3. ಪದ್ಧತಿಯಾಗಿ ‘ಫಿಲಿಯಲ್ ಥೆರಪಿ’ (ಪಾಲಕರ ಮೂಲಕದ ಆಟದ ಚಿಕಿತ್ಸೆ) ಕಾಣಿಸಿಕೊಳ್ಳುವುದು 1964ರಲ್ಲಿ. ಇದರ ಶ್ರೇಯಸ್ಸನ್ನು ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿಗೆ ಕೊಡುವುದು ವಾಡಿಕೆ, ಅದು ನ್ಯಾಯವೂ ಹೌದು. ಆದರೆ 1964ರ ಲೇಖನದಲ್ಲಿ ಇರುವುದು ಬರ್ನಾರ್ಡ್ ಗರ್ನಿಯವರ ಹೆಸರೊಂದೇ.

2.4. ತಿಂಗಳುಗಟ್ಟಲೆ ನಡೆಯುತ್ತಿದ್ದ ಗರ್ನಿ ಮಾದರಿಯನ್ನು ಗ್ಯಾರಿ ಲ್ಯಾಂಡ್ರೆತ್ ಹತ್ತು ವಾರಕ್ಕೆ ಇಳಿಸಿದರು. ವಾರಕ್ಕೊಂದು ಎರಡು ಗಂಟೆಯ ಗುಂಪುಸಭೆ, ಮನೆಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆಯ ಆಟ: ಇದು ಅದರ ಚೌಕಟ್ಟು. ‘ಸಿಪಿಆರ್‌ಟಿ’ (ಮಗು-ಪಾಲಕ ಸಂಬಂಧ ಚಿಕಿತ್ಸೆ) ಎಂಬ ಹೆಸರಿನಲ್ಲಿ ಪಠ್ಯ ಮತ್ತು ಕೈಪಿಡಿ ಬಂದದ್ದು 2006ರಲ್ಲಿ. ಈ ಹತ್ತು ಸಭೆಗಳ ಮಾದರಿಯನ್ನು ಬಳಸಿದ ಅಧ್ಯಯನಗಳು ಅದಕ್ಕೂ ಹಿಂದಿನವು. ಬ್ರ್ಯಾಟನ್ ಮತ್ತು ಲ್ಯಾಂಡ್ರೆತ್ ಅವರ ಅಧ್ಯಯನ 1995ರದು. ಮುಂದೆ ಚರ್ಚಿಸುವ 2005ರ ಅಂಕಿಯನ್ನು ‘ಸಿಪಿಆರ್‌ಟಿ ಕೈಪಿಡಿಯ ಫಲಿತಾಂಶ’ ಎಂದು ಬರೆದರೆ ಕಾಲದೋಷವಾಗುತ್ತದೆ.

3. ಮೂರು ಅಂಕಿಗಳು

ಆಟದ ಚಿಕಿತ್ಸೆಯ ಪರಿಣಾಮದ ಗಾತ್ರಕ್ಕೆ ಮೂರು ಅಂಕಿಗಳು ಚಲಾವಣೆಯಲ್ಲಿವೆ. ಲೆಬ್ಲಾಂಕ್ ಮತ್ತು ರಿಚಿ (2001) 42 ಅಧ್ಯಯನಗಳಿಂದ ಪಡೆದದ್ದು 0.66. ಬ್ರ್ಯಾಟನ್ ಮತ್ತು ಸಂಗಡಿಗರು (2005) 93 ಅಧ್ಯಯನಗಳಿಂದ ಪಡೆದದ್ದು 0.80. ಲಿನ್ ಮತ್ತು ಬ್ರ್ಯಾಟನ್ (2015) 52 ಅಧ್ಯಯನಗಳಿಂದ ಪಡೆದದ್ದು 0.47. ಬ್ರ್ಯಾಟನ್ ಅವರ ಹೆಸರು ಕೊನೆಯ ಎರಡರಲ್ಲೂ ಇದೆ ಎಂಬುದು ಗಮನಾರ್ಹ: ಇಳಿಕೆಯನ್ನು ವಿರೋಧಿ ಪಾಳೆಯದ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. ಆದರೂ ಈ ಮೂರನ್ನು ಒಂದೇ ಸಾಲಿನಲ್ಲಿಟ್ಟು ‘ಪರಿಣಾಮ ಕುಸಿಯಿತು’ ಎನ್ನುವುದು ದುಡುಕು. 2005ರ ವಿಮರ್ಶೆ 1953ರಿಂದ 2000ದವರೆಗಿನ, ಹಲವು ಪಂಥಗಳ ಅಧ್ಯಯನಗಳನ್ನು ಸೇರಿಸಿಕೊಂಡಿತ್ತು. 2015ರದ್ದು 1995ರಿಂದ 2010ರವರೆಗಿನ, ಮಗು-ಕೇಂದ್ರಿತ ಪಂಥದ ಅಧ್ಯಯನಗಳಿಗೆ ಸೀಮಿತವಾಗಿದ್ದು, ಅಂಕಿಅಂಶದ ವಿಧಾನವನ್ನೂ ಬದಲಿಸಿತ್ತು.

ಪಾಲಕರ ವಿಷಯಕ್ಕೆ ಹೆಚ್ಚು ಪ್ರಸ್ತುತವಾದದ್ದು 2005ರ ವಿಮರ್ಶೆಯ ಒಳವಿಭಜನೆ. ವೃತ್ತಿಪರ ಚಿಕಿತ್ಸಕರು ನಡೆಸಿದ ಆಟಕ್ಕೆ 0.72. ತರಬೇತಿ ಪಡೆದ ತಂದೆತಾಯಿ ನಡೆಸಿದ ಆಟಕ್ಕೆ 1.15. ‘ವೃತ್ತಿಪರರಿಗಿಂತ ತಾಯಿಯೇ ಮೇಲು’ ಎಂಬ ಘೋಷಣೆ ಹುಟ್ಟಿಕೊಳ್ಳುವುದು ಇಲ್ಲಿಂದಲೇ. ಎರಡು ಕಾರಣಗಳಿಂದ ಅದನ್ನು ತಡೆಹಿಡಿಯಬೇಕು.

ಮೊದಲನೆಯದು, ಅಳತೆಯ ಪ್ರಶ್ನೆ. ಇಂಥ ಅಧ್ಯಯನಗಳಲ್ಲಿ ಮಗುವಿನ ವರ್ತನೆ ಸುಧಾರಿಸಿತೆಂದು ಪ್ರಶ್ನಾವಳಿ ತುಂಬಿ ಹೇಳುವವರು ಅನೇಕ ವೇಳೆ ತಂದೆತಾಯಿಯೇ. ಚಿಕಿತ್ಸೆ ಕೊಟ್ಟವರೇ ಫಲಿತಾಂಶ ಹೇಳಿದರೆ ಅಂಕಿ ಮೇಲಕ್ಕೆ ವಾಲುವ ಸಾಧ್ಯತೆ ಇದೆ. ಎಷ್ಟು ಎಂಬುದು ಅಧ್ಯಯನದಿಂದ ಅಧ್ಯಯನಕ್ಕೆ ಬೇರೆಯಾಗುತ್ತದೆ.

ಎರಡನೆಯದು, ಈ ಟಿಪ್ಪಣಿಯ ಮಟ್ಟಿಗೆ ಮುಖ್ಯವಾದದ್ದು. 1.15 ಎಂಬುದು ‘ತಂದೆತಾಯಿ ಆಡಿಸಿದರು’ ಎಂಬುದರ ಅಂಕಿ ಅಲ್ಲ. ವೃತ್ತಿಪರರಿಂದ ತರಬೇತಿ ಪಡೆದು, ಅವರ ಮೇಲ್ವಿಚಾರಣೆಯಲ್ಲಿ ಆಡಿಸಿದರು ಎಂಬುದರ ಅಂಕಿ. ಮೇಲ್ವಿಚಾರಣೆಯನ್ನು ಕಳೆದರೆ ಅಂಕಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದರಿಂದಲೇ ಊಹಿಸಲಾಗದು.

4. ಕಲಿಯಬೇಕಾದದ್ದು

ಆಡಿಸುವುದು ಯಾವ ಅಜ್ಜಿಗೂ ಹೊಸದಲ್ಲ. ಇಲ್ಲಿ ಹೊಸದು, ದೊಡ್ಡವರು ತಮ್ಮನ್ನು ತಡೆದುಕೊಳ್ಳುವ ಅಭ್ಯಾಸ. ಮಗು ಮರದ ಹಸುವನ್ನು ಡಬ್ಬಿಗೆ ತುರುಕುತ್ತಿದೆ ಎಂದಿಟ್ಟುಕೊಳ್ಳೋಣ. ನಮ್ಮ ಮನೆಗಳ ರೂಢಿ ಪ್ರಶ್ನೆ ಕೇಳುವುದು: ‘ಇದ್ಯಾವ ಪ್ರಾಣಿ ಹೇಳು?’, ‘ಹಸು ಏನು ಕೊಡುತ್ತೆ?’. ತರಬೇತಿ ಬೇಡುವುದು ಪ್ರಶ್ನೆಯಿಲ್ಲದ, ಪಾಠವಿಲ್ಲದ, ಹೊಗಳಿಕೆಯೂ ಇಲ್ಲದ ಒಂದು ಮಾತು: ‘ಹಸೂನ ಒಳಗೆ ಸೇರಿಸಿಬಿಟ್ಟೆ.’ ಮುಚ್ಚಳ ಕೂರದೆ ಮಗು ಡಬ್ಬಿಯನ್ನು ಎಸೆದರೆ: ‘ಮುಚ್ಚಳ ಕೂರಲಿಲ್ಲ ಅಂತ ಸಿಟ್ಟು ಬಂತು ನಿಂಗೆ.’ ಮುಂದೇನು ಎಂಬುದನ್ನು ಮಗುವೇ ನಿರ್ಧರಿಸಬೇಕು.

ಹೊಗಳಿಕೆಯ ನಿಷೇಧ ಕಲಿಯುವವರಿಗೆ ಅತ್ಯಂತ ಕಷ್ಟವಾಗಬಹುದು ಎಂದು ತೋರುತ್ತದೆ. ‘ಜಾಣಮರಿ’ ಎನ್ನುವುದರಲ್ಲಿ ಏನು ತಪ್ಪು ಎಂಬ ಪ್ರಶ್ನೆ ಸಹಜ. ಉತ್ತರ ಇಷ್ಟೇ: ದಿನದ ಉಳಿದ ಹೊತ್ತಿನಲ್ಲಿ ತಪ್ಪೇನಿಲ್ಲ. ಆ ಅರ್ಧ ಗಂಟೆಯಲ್ಲಿ ಮಾತ್ರ, ಹೊಗಳಿಸಿಕೊಂಡ ಮಗು ಮುಂದಿನ ಆಟವನ್ನು ಹೊಗಳಿಕೆಗಾಗಿ ಆಡತೊಡಗುವುದರಿಂದ, ತನ್ನೊಳಗಿನದು ಹೊರಬರುವ ದಾರಿ ಕಿರಿದಾಗುತ್ತದೆ ಎಂಬುದು ಮಗು-ಕೇಂದ್ರಿತ ಪಂಥದ ನಿಲುವು. ಇದು ಸಿದ್ಧಾಂತದ ಮಾತು. ಹೊಗಳಿಕೆಯೊಂದನ್ನೇ ಬದಲಿಸಿ ಪರೀಕ್ಷಿಸಿದ ಫಲಿತಾಂಶ ಎಂದು ಇದನ್ನು ಮಂಡಿಸಬಾರದು. ವರ್ತನಾ ಪಂಥಕ್ಕೆ ಹತ್ತಿರವಾದ, ಶೀಲಾ ಐಬರ್ಗ್ ರೂಪಿಸಿದ ಪಾಲಕ-ಮಗು ಸಂವಹನ ಚಿಕಿತ್ಸೆ ಇದಕ್ಕೆ ವಿರುದ್ಧವಾಗಿ ನಿರ್ದಿಷ್ಟ ಹೊಗಳಿಕೆಯನ್ನು ಕಲಿಸುತ್ತದೆ. ಅದಕ್ಕೂ ಗಟ್ಟಿ ಪುರಾವೆಯಿದೆ. ಎರಡೂ ಕೈಪಿಡಿಗಳಿಂದ ಆಯ್ದು ಬೆರೆಸಿದ ತರಬೇತಿಗೆ ಈ ಎರಡರ ಪುರಾವೆಯೂ ನೇರವಾಗಿ ಅನ್ವಯಿಸದು.

ಎಲ್ಲೆ ಹಾಕುವುದಕ್ಕೆ ಲ್ಯಾಂಡ್ರೆತ್ ಮೂರು ಹೆಜ್ಜೆ ಸೂಚಿಸುತ್ತಾರೆ: ಭಾವನೆಯನ್ನು ಗುರುತಿಸುವುದು, ಎಲ್ಲೆಯನ್ನು ಹೇಳುವುದು, ಬದಲಿಯನ್ನು ತೋರುವುದು. ಕುಣಿಗಲ್ ಕಡೆಯ ಮನೆಮಾತಿನಲ್ಲಿ ಅದು ಹೀಗೆ ಬಂದೀತು: ‘ಅಜ್ಜಿ ಮೇಲೆ ಕೋಪ ಬಂದದೆ ನಿಂಗೆ. ಅಜ್ಜಿಗೆ ಹೊಡೆಯೋ ಹಂಗಿಲ್ಲ. ಆ ದಿಂಬಿಗೆ ಹೊಡೀಬೋದು.’ ಎಲ್ಲೆಗಳನ್ನು ಮೊದಲೇ ಪಟ್ಟಿಯಾಗಿ ಒಪ್ಪಿಸುವಂತಿಲ್ಲ. ಸಂದರ್ಭ ಬಂದಾಗ ಮಾತ್ರ ಹೇಳಬೇಕು. ಆಕ್ಸ್‌ಲೈನ್ ಅವರ ಎಂಟನೆಯ ತತ್ವವೂ ಎಲ್ಲೆಗಳು ಅಗತ್ಯವಿದ್ದಷ್ಟೇ ಇರಲಿ ಎನ್ನುತ್ತದೆ.

ಹೊರನೋಟಕ್ಕೆ ಸಣ್ಣದಾದ ಇನ್ನೊಂದು ಷರತ್ತು ವಾರವಾರವೂ ಅದೇ ಹೊತ್ತು, ಅದೇ ಜಾಗ, ನಡುವೆ ಯಾರೂ ಬಾರದಿರುವುದು. ಅಕ್ಕಪಕ್ಕದವರು ಹೇಳದೆ ಒಳಬರುವ, ಪಡಸಾಲೆಯಲ್ಲೇ ಎಲ್ಲ ಕೆಲಸವೂ ನಡೆಯುವ ಮನೆಯಲ್ಲಿ ಆಟಿಕೆ ಹೊಂದಿಸುವುದಕ್ಕಿಂತ ಇದನ್ನು ಹೊಂದಿಸುವುದೇ ಕಷ್ಟವಾಗಬಹುದು. ಮನೆಯ ಉಳಿದ ಹಿರಿಯರಿಗೆ ಮೊದಲೇ ತಿಳಿಹೇಳುವುದನ್ನು ತರಬೇತಿಯ ಭಾಗವಾಗಿಯೇ ಸೇರಿಸುವುದು ಉಚಿತ.

5. ಅಂಗನವಾಡಿಯ ಆಟ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು. ಕರ್ನಾಟಕದ ಮೊದಲ ಯೋಜನೆ ಟಿ. ನರಸೀಪುರದ್ದು. ಈ ಯೋಜನೆಯ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಶಾಲಾಪೂರ್ವ ಕಲಿಕೆಯ ಚಟುವಟಿಕೆಗಳು ನಡೆಯುತ್ತ ಬಂದಿವೆ. 2023ರ ಮೇ 10ರಂದು ಕೇಂದ್ರದ ‘ಪೋಷಣ್ ಭಿ ಪಢಾಯಿ ಭಿ’ ಆರಂಭವಾಗಿ, ಆಟದ ಮೂಲಕ ಕಲಿಕೆಗೆ ಹೊಸ ಒತ್ತು ಸಿಕ್ಕಿದೆ. ಇವೆಲ್ಲ ಸ್ವಾಗತಾರ್ಹ, ಆದರೆ ಇವು ಕಲಿಕೆಯ ಆಟಗಳು: ದಿಕ್ಕು ತೋರುವವರು ಕಾರ್ಯಕರ್ತೆ, ಗುರಿ ಮೊದಲೇ ನಿಗದಿ. ಚಿಕಿತ್ಸೆಯ ಆಟದಲ್ಲಿ ಎರಡೂ ತಿರುವುಮುರುವು. ಒಂದರಲ್ಲಿ ತರಬೇತಿಯಾದ ಕಾರ್ಯಕರ್ತೆ ಇನ್ನೊಂದಕ್ಕೂ ಸಿದ್ಧಳೆಂದು ಭಾವಿಸುವುದು ಆಕೆಯ ಮೇಲೆ ಹೊರಿಸುವ ಅನ್ಯಾಯದ ಹೊರೆ. ಮಗುವನ್ನು ಗುರುತಿಸಿ ಕಳುಹಿಸುವ ಕೆಲಸದಲ್ಲಿ ಮಾತ್ರ ಆಕೆಗೆ ಸರಿಸಾಟಿಯಿಲ್ಲ.

ಗುರುತಿಸುವಿಕೆಯಲ್ಲೂ ಒಂದು ಬಿರುಕಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕೆಂಬುದು ಮಾರ್ಗಸೂಚಿ. ಪರೀಕ್ಷಿಸಬೇಕಾದ ಸ್ಥಿತಿಗಳ ಪಟ್ಟಿಯಲ್ಲಿ ಭಾಷೆಯ ವಿಳಂಬ, ಆಟಿಸಂ, ಗಮನದ ಕೊರತೆ ಇವೆ. ಅಗಲಿಕೆಯ ಭಯ, ದುಃಖ, ಮಾತು ನಿಲ್ಲಿಸಿದ ಮಗು ಇವು ಪ್ರತ್ಯೇಕ ನಮೂದಾಗಿ ಇಲ್ಲ. ಪಾಲಕರ ಮೂಲಕದ ಆಟದ ಚಿಕಿತ್ಸೆ ಹೆಚ್ಚು ಹೊಂದುವುದು ಈ ಬಿಟ್ಟುಹೋದ ಗುಂಪಿಗೇ.

6. ಸಾಮಗ್ರಿ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮನೆಬಳಕೆಯ ಆಟಿಕೆ, ಕೋಪ ಹೊರಹಾಕುವ ಆಟಿಕೆ, ಸೃಜನೆಯ ಆಟಿಕೆ ಎಂಬ ಲ್ಯಾಂಡ್ರೆತ್ ಅವರ ಮೂರು ವರ್ಗಗಳನ್ನು ತೆಂಗಿನ ಕರಟ, ಮಣ್ಣಿನ ಕುಡಿಕೆ, ಬಟ್ಟೆಯ ಗೊಂಬೆ, ಜೇಡಿಮಣ್ಣು, ಹಳೆಯ ದಿಂಬು, ಹಾಲೆಮರದ ಚನ್ನಪಟ್ಟಣದ ಅಡುಗೆ ಸಾಮಾನುಗಳಿಂದ ತುಂಬಬಹುದು. ಆ ಗಂಟು ಆಟದ ಅರ್ಧ ಗಂಟೆಯಲ್ಲಿ ಮಾತ್ರ ಬಿಚ್ಚಬೇಕು. ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಹುಣಸೆ ಬೀಜ, ಗೋಲಿ ಗಂಟಿನಲ್ಲಿ ಇರಕೂಡದು.

7. ಮೇಲ್ವಿಚಾರಣೆಯ ದಾರಿ

ಕೊರತೆ ಇರುವುದು ಇಲ್ಲಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ನೋಂದಣಿಯಾಗುವ ವೃತ್ತಿಗಳಲ್ಲಿ ಚಿಕಿತ್ಸಾ ಮನೋವಿಜ್ಞಾನಿಗಳಿದ್ದಾರೆ; ಆಟದ ಚಿಕಿತ್ಸಕರೆಂಬ ಪ್ರತ್ಯೇಕ ವರ್ಗ ಇಲ್ಲ. ಅಲ್ಪಾವಧಿಯ ಪ್ರಮಾಣಪತ್ರವನ್ನು ಅರ್ಹತೆಯೆಂದು ಓದುವಾಗ ಇದನ್ನು ನೆನಪಿಡಬೇಕು.

ಕರ್ನಾಟಕದಲ್ಲಿ ಅನುಭವದ ಮೂಲ ನಿಮ್ಹಾನ್ಸ್. ಅಲ್ಲಿ ಚಿಕಿತ್ಸಾ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಮಾಳವಿಕಾ ಕಪೂರ್ ಅವರ 1995 ಮತ್ತು 1997ರ ಪುಸ್ತಕಗಳು ಕ್ರಮವಾಗಿ ಭಾರತೀಯ ಮಕ್ಕಳ ಮತ್ತು ಶಾಲೆಗಳ ಮಾನಸಿಕ ಆರೋಗ್ಯವನ್ನು ಕುರಿತವು. ರಾಜ್ಯದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಬೆಂಬಲದಿಂದ ನಿಮ್ಹಾನ್ಸ್ 2014ರಲ್ಲಿ ಆರಂಭಿಸಿದ ಸಮುದಾಯ ಮಕ್ಕಳ ಮಾನಸಿಕ ಆರೋಗ್ಯ ಯೋಜನೆ, ಅದರ ಮುಂದುವರಿಕೆಯಂತಿರುವ 2020ರ ‘ಸಂವಾದ್’, ಎರಡೂ ಮಕ್ಕಳೊಡನೆ ಕೆಲಸ ಮಾಡುವವರಿಗೆ ತರಬೇತಿ ಕೊಡುವ ಉದ್ದೇಶದವು.

ಮಾರ್ಕೋನಹಳ್ಳಿಗೆ ಬಂದರೆ ಆಡಳಿತದ ದಾರಿಯೂ ರಸ್ತೆಯ ದಾರಿಯೂ ಒಂದಾಗುವುದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ದಾರಿ ಕುಣಿಗಲ್ ಮೂಲಕ ತುಮಕೂರಿಗೆ ಒಯ್ಯುತ್ತದೆ. ಆದರೆ ಹತ್ತಿರದ ಯಡಿಯೂರಿನಿಂದ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಬೆಳ್ಳೂರು ಕ್ರಾಸ್ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ. ಅದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು. ಜಿಲ್ಲೆಯ ಗಡಿ ದಾಟಿದ ಮೇಲ್ವಿಚಾರಣೆಯ ಏರ್ಪಾಡನ್ನು ಪರಿಗಣಿಸಬಹುದು. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮ ಇನ್ನೊಂದು ಎಳೆ. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (14416) ತುರ್ತಿನ ಮಾತಿಗೆ ಸರಿ. ಆಟದ ಅವಧಿಯನ್ನು ನೋಡಿ ತಿದ್ದುವುದು ಅದರ ಕೆಲಸವಲ್ಲ.

ಮೇಲ್ವಿಚಾರಕರು ತಿಂಗಳಿಗೊಮ್ಮೆ ಮಾತ್ರ ಸಿಗುತ್ತಾರೆ ಎಂದಾದರೆ ಹತ್ತು ಸಭೆಗಳಿಗೆ ಹತ್ತು ತಿಂಗಳು. ಆಗ ನಡೆಯುವುದು ಲ್ಯಾಂಡ್ರೆತ್ ಅವರ ಹತ್ತು ವಾರಕ್ಕಿಂತ ಗರ್ನಿಯವರ ಮೂಲ ಕ್ರಮಕ್ಕೆ ಹತ್ತಿರ. ಇದು ಅನಿವಾರ್ಯವಾಗಿ ಕೀಳಾದ ಆಯ್ಕೆಯಲ್ಲ, ಆದರೆ ಅದರ ಫಲಿತಾಂಶವನ್ನು ಹತ್ತು ವಾರದ ಅಧ್ಯಯನಗಳ ಅಂಕಿಯೊಡನೆ ಹೋಲಿಸಕೂಡದು.

ಆಟದಲ್ಲಿ ಲೈಂಗಿಕ ದೌರ್ಜನ್ಯದ ಸೂಚನೆ ಕಂಡರೆ ಅದನ್ನು ಪಾಲಕರು ಅರ್ಥೈಸಲು ಹೋಗಬಾರದು, ಮಗುವನ್ನು ಕೆದಕಿ ಕೇಳಲೂಬಾರದು; ತಕ್ಷಣ ಮೇಲ್ವಿಚಾರಕರಿಗೆ ತಿಳಿಸಬೇಕು. ಅಪರಾಧ ನಡೆದಿದೆ ಎಂಬ ಆತಂಕಕ್ಕೆ ಆಧಾರವಿದ್ದಾಗ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098. ಮೊದಲ ಸಭೆಯಲ್ಲೇ ಇದನ್ನು ಹೇಳಬೇಕು. ಕೊನೆಗೆ ಸೇರಿಸುವ ಎಚ್ಚರಿಕೆಯಾಗಿ ಉಳಿಸಿಕೊಳ್ಳಬಾರದು.

8. ದಾಖಲೆಯ ನಮೂನೆ

ಪ್ರತಿ ಅವಧಿಗೂ ದಿನಾಂಕ, ಆರಂಭ ಮತ್ತು ಮುಕ್ತಾಯದ ಹೊತ್ತು, ಜತೆಗಿದ್ದವರು ಯಾರು, ಮಗು ಮೊದಲು ಮುಟ್ಟಿದ ವಸ್ತು, ಹಾಕಿದ ಎಲ್ಲೆ, ಅಡಚಣೆ ಇಷ್ಟನ್ನು ಬರೆದಿಟ್ಟರೆ ಸಾಕು. ಓದುಬರಹ ಬಾರದ ಅಜ್ಜಿಯಾದರೆ ಅದೇ ದಿನ ಹೇಳಿ ಬರೆಸಬಹುದು. ಹಾಗೆ ಬರೆಸಿದ್ದೆಂದು ನಮೂದಿಸಬೇಕು. ಮಗುವಿನ ವರ್ತನೆಯ ಪ್ರಶ್ನಾವಳಿಗೆ ಎರಡು ಪ್ರತ್ಯೇಕ ಅಂಕಣಗಳಿರಲಿ: ಆಡಿಸಿದವರು ಹೇಳಿದ್ದು ಒಂದರಲ್ಲಿ, ಆಡಿಸದವರು (ಅಂಗನವಾಡಿ ಕಾರ್ಯಕರ್ತೆಯಾಗಬಹುದು) ಹೇಳಿದ್ದು ಇನ್ನೊಂದರಲ್ಲಿ. ಎರಡನ್ನೂ ಕೂಡಿಸಿ ಸರಾಸರಿ ತೆಗೆಯಬಾರದು.